ಗೋಕರ್ಣಕ್ಕೆ ಟಿಟಿ ಬುಕ್ ಮಾಡುತ್ತಿರುವ ಕೋಲಾರ ಜಿಲ್ಲೆಯ ಬಂಧುಗಳಿಗೆ ಬಹಿರಂಗ ಪತ್ರ

ಕೋಲಾರ, ಮುಳಬಾಗಿಲು, ಮಾಲೂರು, ಬಂಗಾರಪೇಟೆ, ಶ್ರೀನಿವಾಸಪುರ, ಕೆಜಿಎಫ್ ಕಡೆಯ ಎಲ್ಲರಿಗೂ ನಮಸ್ಕಾರ. ಪ್ರತಿ ಮನೆಯಲ್ಲಿ, ಪ್ರತಿ ಗೆಳೆಯರ ಗುಂಪಿನಲ್ಲಿ ಟೂರ್ ಪ್ಲ್ಯಾನ್ ಮಾಡುವವರು ಅಂತ ಒಬ್ಬರು ಇರುತ್ತಾರಲ್ಲ, ಮುಖ್ಯವಾಗಿ ಅವರಿಗೆ ಈ ಪತ್ರ. ಜೊತೆಗೆ ಶಾಲಾ ಪ್ರವಾಸದ ಪಟ್ಟಿ ಬರೆಯುವ ಮೇಷ್ಟ್ರು, ಮೇಡಂಗಳಿಗೆ, ಆ ಪಟ್ಟಿಗೆ ಸಹಿ ಹಾಕುವ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೂ.

ನಿಮ್ಮ ಪ್ಲ್ಯಾನ್ ನನಗೆ ಬಾಯಿಪಾಠ ಇದೆ. ಗುರುವಾರ ರಾತ್ರಿ ಊಟ ಮುಗಿಸಿ ಟಿಟಿ (ಟೆಂಪೋ ಟ್ರಾವೆಲರ್) ಹತ್ತುವುದು. ಬೆಳಿಗ್ಗೆ ಧರ್ಮಸ್ಥಳ, ಮಧ್ಯಾಹ್ನ ಸುಬ್ರಹ್ಮಣ್ಯ, ರಾತ್ರಿ ಹೊತ್ತಿಗೆ ಉಡುಪಿ. ಮರುದಿನ ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣ. ಅದರ ಮರುದಿನ ಜೋಗ, ಸಿಗಂದೂರು. ಸೋಮವಾರ ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಮನೆ, ಹಾಗೇ ಕೆಲಸಕ್ಕೆ. ಮೊದಲೆಲ್ಲ ಸಿಗಂದೂರಿನ ಲಾಂಚ್‌ಗೆ ಕಾಯುತ್ತಾ ಒಂದಷ್ಟು ಹೊತ್ತಾದರೂ ಸುಮ್ನೆ ನಿಲ್ಲುತ್ತಿದ್ದಿರಿ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು, ಉಳಿದ ಹೊತ್ತಿಗೆ ಪಟ್ಟಿಯಲ್ಲಿ ಇನ್ನೊಂದು ದೇವಸ್ಥಾನ ಸೇರಿತು!

ಇಷ್ಟರಲ್ಲಿ ಗೋಕರ್ಣಕ್ಕೆ ಸಿಗುವುದು ಒಂದೂವರೆ ಗಂಟೆ. ಅದೂ ಸುಡುವ ಮಧ್ಯಾಹ್ನದಲ್ಲಿ. ಅಷ್ಟು ಹೊತ್ತಿಗೆ ಮಹಾಬಲೇಶ್ವರನ ಬಾಗಿಲು ಹಾಕಿರುತ್ತಾರೆ, ಸಂಜೆಯೇ ತೆಗೆಯುವುದು. ಸರಿ, ದೇವರು ಸಿಗಲಿಲ್ಲ, ಬೀಚಾದರೂ ನೋಡೋಣ ಅಂತ ಇಡೀ ಗುಂಪು ಹಾಕಿದ ಬಟ್ಟೆಯಲ್ಲೇ ನೀರಿಗೆ ಇಳಿಯುತ್ತದೆ. ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಒದ್ದೆ ಬಟ್ಟೆಯಲ್ಲಿ ಮರಳು ಮೆತ್ತಿಕೊಂಡು ಮತ್ತೆ ಸೀಟಿಗೆ. ಊರಿಗೆ ಬಂದ ಮೇಲೆ ಯಾರಾದರೂ ಕೇಳಿದರೆ ಗೋಕರ್ಣ ಆಯ್ತು ಅನ್ನುತ್ತೀರಿ. ಏನು ಆಯ್ತು ಸ್ವಾಮಿ? ಕೋಲಾರದಿಂದ ಅಲ್ಲಿಗೆ ಹತ್ತಿರ ಹತ್ತಿರ 550 ಕಿಲೋಮೀಟರ್. ಅಷ್ಟು ದೂರ ಹೋಗಿ ನೀವು ಜಾಸ್ತಿ ಹೊತ್ತು ನೋಡಿದ್ದು ಮುಂದಿನ ಸೀಟಿನವರ ತಲೆಯನ್ನು.

ಹಾಗಾಗಿ ನನ್ನ ಮನವಿ ಒಂದೇ. ಗೋಕರ್ಣ ಬೇಕು ಅಂದರೆ ಎರಡು ರಾತ್ರಿ ಅಲ್ಲೇ ಇರಿ. ಆಗುವುದಿಲ್ಲ ಅಂದರೆ ಆ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇದನ್ನು ಹೇಳಲು ನೀನ್ಯಾರಪ್ಪ ಅಂತ ಕೇಳಬಹುದು. ನಮ್ಮ ಭಾವನವರು ಕೆಲಸದ ಮೇಲೆ ಕೆಲವು ವರ್ಷ ಕುಮಟಾದಲ್ಲಿ ಇದ್ದರು. ರಜೆ ಸಿಕ್ಕಾಗಲೆಲ್ಲ ನಾನು ಅಲ್ಲಿಗೆ ಓಡುತ್ತಿದ್ದೆ. ಗೋಕರ್ಣ ಕುಮಟಾ ತಾಲ್ಲೂಕಿಗೇ ಸೇರಿದ ಊರು. ಅಷ್ಟೇ ನನ್ನ ಅರ್ಹತೆ.

ಮೊದಲು ಕಷ್ಟದ ಮಾತು ಮುಗಿಸಿಬಿಡುತ್ತೇನೆ. 2024ರ ಡಿಸೆಂಬರ್ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಮರೆತಿರುವುದಿಲ್ಲ. ಮುಳಬಾಗಿಲು ತಾಲ್ಲೂಕಿನ ಒಂದು ವಸತಿ ಶಾಲೆಯಿಂದ ಪ್ರವಾಸಕ್ಕೆ ಹೋದ ಮಕ್ಕಳಲ್ಲಿ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಯಾರ ತಪ್ಪು ಎಷ್ಟು ಅಂತ ತೂಕ ಹಾಕಲು ನಾನು ಈ ಪತ್ರ ಬರೆಯುತ್ತಿಲ್ಲ, ಆ ಮನೆಗಳವರ ಸಂಕಟದ ಮುಂದೆ ಅದಕ್ಕೆ ಬಾಯಿಯೂ ಬರುವುದಿಲ್ಲ. ಆದರೆ ಡಿಸೆಂಬರ್ ಅಂದರೆ ಮಳೆಗಾಲ ಮುಗಿದು ಕಡಲು ತಣ್ಣಗಾದ ಕಾಲ ಅಂತ ನಾವೆಲ್ಲ ನಂಬಿದ್ದೆವಲ್ಲ, ಆ ನಂಬಿಕೆ ಸುಳ್ಳು ಅಂತ ಅವತ್ತು ಗೊತ್ತಾಯಿತು.

ನಮಗೂ ನೀರಿಗೂ ಇರುವ ಸಂಬಂಧವನ್ನು ಒಂದು ಸಲ ಯೋಚನೆ ಮಾಡಿ. ನಮ್ಮ ಅಪ್ಪಂದಿರ ಕಾಲದ ಹುಡುಗರು ತೋಟದ ಬಾವಿಗೆ ಧುಮುಕಿ ಈಜು ಕಲಿತವರು. ಸೊಂಟಕ್ಕೆ ಹಗ್ಗ ಕಟ್ಟಿ, ಒಣಗಿದ ಸೋರೆಬುರುಡೆ ಕಟ್ಟಿ ಕಲಿಸುತ್ತಿದ್ದರು. ಆಮೇಲೆ ಬಾವಿಗಳು ಬತ್ತಿದವು, ಬೋರ್‌ವೆಲ್ ಬಂತು, ಅದು ಸಾವಿರ ಅಡಿ ದಾಟಿ ಇಳಿಯಿತು. ಆರೂವರೆ ಇಂಚಿನ ತೂತಿನಲ್ಲಿ ಯಾರು ಈಜು ಕಲಿಯುತ್ತಾರೆ? ಕೆರೆಗಳೂ ವರ್ಷಗಟ್ಟಲೆ ಒಣಗಿದ್ದವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಟ್ಟ ಮೇಲೆ ಎಷ್ಟೋ ಕೆರೆ ತುಂಬಿದವು, ನಿಜ. ಆದರೆ ಆ ನೀರಿಗೆ ಮಕ್ಕಳನ್ನು ಇಳಿಸುವ ಧೈರ್ಯ ಯಾವ ತಾಯಿಗೂ ಇಲ್ಲ. ಹೀಗಾಗಿ ಮೊಣಕಾಲುದ್ದ ನೀರನ್ನೂ ನೋಡದೆ ಬೆಳೆದ ಮಗುವನ್ನು ನಾವು ಒಂದೇ ಸಲ ಅರಬ್ಬಿ ಸಮುದ್ರದ ಮುಂದೆ ನಿಲ್ಲಿಸುತ್ತೇವೆ, ಅರ್ಧ ಗಂಟೆ ಟೈಮ್ ಇದೆ, ಬೇಗ ಆಡಿ ಬನ್ನಿ ಅನ್ನುತ್ತೇವೆ.

ಬಾವಿಯಲ್ಲಿ ಈಜು ಬಲ್ಲವರಿಗೂ ಕಡಲು ಬೇರೆಯೇ. ದಡಕ್ಕೆ ಬಂದ ಅಲೆಯ ನೀರು ವಾಪಸ್ ಹೋಗಬೇಕಲ್ಲ, ಅದು ಎಲ್ಲ ಕಡೆ ಒಂದೇ ಸಮ ಹೋಗುವುದಿಲ್ಲ. ನೀರಿನ ಅಡಿಯ ಮರಳು ದಿಬ್ಬಗಳ ನಡುವೆ ಎಲ್ಲಿ ತಗ್ಗು ಇದೆಯೋ ಅಲ್ಲಿ ಕೂಡಿಕೊಂಡು ಜೋರಾಗಿ ಒಳಕ್ಕೆ ಎಳೆಯುತ್ತದೆ. ಮೋಸ ಏನೆಂದರೆ ಆ ಜಾಗದಲ್ಲಿ ಅಲೆ ಒಡೆಯುವುದೇ ಕಡಿಮೆ, ನೋಡಲು ಶಾಂತವಾಗಿರುತ್ತದೆ. ಅಲೆಗೆ ಹೆದರುವವರು ಅದೇ ಒಳ್ಳೆಯ ಜಾಗ ಅಂತ ಅಲ್ಲಿಗೇ ಹೋಗುತ್ತಾರೆ. ಎರಡು ಕಡೆ ಬಿಳಿ ನೊರೆ, ನಡುವೆ ಮಾತ್ರ ನೀರು ಕಪ್ಪಗೆ ಅಥವಾ ಕದಡಿದಂತೆ ಕಂಡರೆ ಆ ಕಡೆ ಹೋಗಬೇಡಿ. ಅಕಸ್ಮಾತ್ ಸಿಕ್ಕಿಬಿದ್ದರೆ ದಡದ ಕಡೆ ಎದುರೀಜು ಹೊಡೆಯಬೇಡಿ, ಸುಸ್ತಾಗಿ ಮುಳುಗುವುದು ಹಾಗೇ. ಕೈ ಎತ್ತಿ ಕೂಗಿ, ತೇಲಲು ನೋಡಿ, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಸೆಳೆತ ಸಾಮಾನ್ಯವಾಗಿ ಅಗಲ ಕಡಿಮೆ, ಪಕ್ಕಕ್ಕೆ ಹೋದರೆ ಹಿಡಿತ ಬಿಡುತ್ತದೆ. ಮುಳುಗುತ್ತಿರುವವರನ್ನು ಉಳಿಸಲು ಈಜು ಬಾರದ ಇನ್ನೊಬ್ಬರು ಹಾರಬೇಡಿ. ಒಬ್ಬರ ಹಿಂದೆ ಒಬ್ಬರು ಹೋಗುವುದು ಹೀಗೆಯೇ.

ಲೈಫ್‌ಗಾರ್ಡ್ ಸೀಟಿ ಊದಿದರೆ ನಮ್ಮ ಹುಡುಗರಿಗೆ ಅವಮಾನ ಆದ ಹಾಗೆ ಆಗುತ್ತದೆ. ಇಷ್ಟು ದೂರದಿಂದ ಬಂದಿದ್ದೇವೆ ಅಂತ ವಾದಕ್ಕೆ ನಿಲ್ಲುತ್ತಾರೆ. ದೂರದಿಂದ ಬಂದಿದ್ದೀರಿ ಅಂತ ಕಡಲು ರಿಯಾಯಿತಿ ಕೊಡುತ್ತದಾ? ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಮೀನು ಮರಿ ಮಾಡುವ ಕಾಲ ಅನ್ನುವುದು ಒಂದು ಕಾರಣ, ಕಡಲು ಕೆರಳಿರುತ್ತದೆ ಅನ್ನುವುದು ಇನ್ನೊಂದು. ಹುಟ್ಟಿನಿಂದ ಅಲ್ಲೇ ಬೆಳೆದವರು ದೋಣಿ ಎಳೆದು ದಡಕ್ಕೆ ಹಾಕಿರುವ ತಿಂಗಳಲ್ಲಿ ನೀವು ಮಳೆಗಾಲದ ಆಫರ್ ಅಂತ ರೂಮು ಹಿಡಿದು ನೀರಿಗೆ ಇಳಿಯುವುದು ಬೇಡ. ಮಳೆಯಲ್ಲಿ ಆ ಊರು ಹಸಿರು ಕಾರುತ್ತದೆ, ಬೇಕಾದರೆ ನೋಡಲು ಹೋಗಿ, ಗುಡ್ಡದ ಮೇಲಿಂದ ನೋಡಿ. ಹೆದ್ದಾರಿಯ ಸುದ್ದಿಯನ್ನೂ ವಿಚಾರಿಸಿಕೊಂಡು ಹೊರಡಿ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ಮುಚ್ಚಿ, ಅಲ್ಲಿದ್ದ ವಾಹನಗಳನ್ನು ಗಂಗಾವಳಿ ನದಿಗೆ ತಳ್ಳಿದ್ದು ನೆನಪಿರಲಿ.

ಇನ್ನು ಎರಡು ರಾತ್ರಿ ಇದ್ದು ಏನು ಮಾಡುವುದು, ಅಲ್ಲೇನಿದೆ ಅನ್ನುತ್ತೀರಲ್ಲ, ಬನ್ನಿ ಹೇಳುತ್ತೇನೆ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಟಿಟಿಯೇ ಬೇಕು ಅಂತ ಇಲ್ಲ. ಬೆಂಗಳೂರಿನಿಂದ ಸಂಜೆ ಕಾರವಾರದ ಪಂಚಗಂಗಾ ರೈಲು ಹತ್ತಿದರೆ ಬೆಳಿಗ್ಗೆ ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿಯಬಹುದು, ಅಲ್ಲಿಂದ ಊರಿಗೆ ಆಟೋದಲ್ಲಿ ಹತ್ತು ಕಿಲೋಮೀಟರ್ ಆಸುಪಾಸು. ರಥಬೀದಿಯ ಗಲ್ಲಿಗಳಿಗೆ ನಿಮ್ಮ ಟಿಟಿ ನುಗ್ಗಿಸಿ, ಹಿಂದೆ ಮುಂದೆ ಆಡಿಸಿ, ಊರವರ ಕೈಲಿ ಬೈಸಿಕೊಳ್ಳುವ ಕೆಲಸವೂ ತಪ್ಪುತ್ತದೆ. ಶಿವರಾತ್ರಿಗೆ ಹೋಗುವುದಾದರೆ ತೇರು, ಜನಸಾಗರ ಎಲ್ಲ ಸಿಗುತ್ತದೆ, ನಿಧಾನ ಮಾತ್ರ ಸಿಗುವುದಿಲ್ಲ.

ದೇವಸ್ಥಾನಕ್ಕೆ ಬೆಳಿಗ್ಗೆ ಹೊತ್ತಿಗೆ ಹೋಗಿ. ಗಂಡಸರು ಪಂಚೆ ಉಟ್ಟು ಹೋಗಿ, ಬರ್ಮುಡಾದಲ್ಲಿ ಬಂದು ಬಾಗಿಲಲ್ಲಿ ಜಗಳ ಆಡಬೇಡಿ. ಕೋಟಿತೀರ್ಥ ನೋಡಿ, ಮೊದಲು ಮಹಾಗಣಪತಿಗೆ ಕೈಮುಗಿದು ಆಮೇಲೆ ಮಹಾಬಲೇಶ್ವರನ ಹತ್ತಿರ ಹೋಗುವುದು ಅಲ್ಲಿನ ಪದ್ಧತಿ. ರಾವಣ ಕೈಲಾಸದಿಂದ ತಂದ ಆತ್ಮಲಿಂಗವನ್ನು ಹುಡುಗನ ವೇಷದ ಗಣಪತಿ ನೆಲಕ್ಕೆ ಇಟ್ಟುಬಿಟ್ಟ ಕಥೆ ನಿಮಗೆ ಗೊತ್ತೇ ಇದೆ. ಯಾವ ಕೆಲಸಕ್ಕೂ ಮೊದಲು ಕುರುಡುಮಲೆ ಗಣಪನಿಗೆ ಕೈಮುಗಿಯುವ ನಮಗೆ ಆ ಸಾಲು ಹೊಸದೇನಲ್ಲ. ಅಂದಹಾಗೆ ನಮ್ಮ ಅಂತರಗಂಗೆಯನ್ನೂ ದಕ್ಷಿಣ ಕಾಶಿ ಅನ್ನುತ್ತಾರೆ, ಗೋಕರ್ಣವನ್ನೂ ಅನ್ನುತ್ತಾರೆ, ಅಲ್ಲಿ ಹೋಗಿ ಯಾವುದು ಅಸಲಿ ಅಂತ ಚರ್ಚೆ ತೆಗೆಯಬೇಡಿ.

ಬಿಸಿಲು ಇಳಿದ ಮೇಲೆ ನಡೆಯಿರಿ. ಕುಡ್ಲೆ ಬೀಚಿನಿಂದ ಗುಡ್ಡ ಹತ್ತಿ ಇಳಿದರೆ ಓಂ ಬೀಚ್, ಅಲ್ಲಿಂದ ಮುಂದೆ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ಕೊನೆಯ ಎರಡಕ್ಕೆ ಕಾರು ಹೋಗುವುದಿಲ್ಲ, ಕಾಲು ಇಲ್ಲವೇ ದೋಣಿ. ಕೆಂಪು ಚಿರೆಕಲ್ಲಿನ ಗುಡ್ಡ, ಒಂದು ಕಡೆ ಗೇರು, ಕುರುಚಲು ಗಿಡ, ಇನ್ನೊಂದು ಕಡೆ ಕೆಳಗೆ ಕಡಲು. ಓಂ ಬೀಚಿಗೆ ಆ ಹೆಸರು ಯಾಕೆ ಬಂತು ಅಂತ ಕೆಳಗೆ ನಿಂತರೆ ತಿಳಿಯುವುದಿಲ್ಲ, ಗುಡ್ಡದ ಮೇಲಿಂದ ನೋಡಬೇಕು, ಎರಡು ಬಾಗು, ನಡುವೆ ಚಾಚಿದ ಬಂಡೆ. ಆ ಬಂಡೆಗಳ ತುದಿಯಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ. ಪಾಚಿ ಇರುತ್ತದೆ, ಹತ್ತು ಸಣ್ಣ ಅಲೆ ಆದ ಮೇಲೆ ಒಂದು ದೊಡ್ಡದು ಬರುತ್ತದೆ. ನೀರು, ಬಿಸ್ಕತ್ತು ಒಯ್ದರೆ ಖಾಲಿ ಬಾಟಲಿ, ಕವರು ವಾಪಸ್ ತನ್ನಿ. ರಸ್ತೆ ಇಲ್ಲದ ಬೀಚಿನಿಂದ ನಿಮ್ಮ ಕಸವನ್ನು ಯಾರೋ ತಲೆ ಮೇಲೆ ಹೊತ್ತು ತರಬೇಕು. ಬಿಯರ್ ಬಾಟಲಿ ಒಡೆದು ಮರಳಲ್ಲಿ ಹೂಳುವವರ ಬಗ್ಗೆ ನಾನು ಇಲ್ಲಿ ಬರೆದರೆ ಭಾಷೆ ಕೆಡುತ್ತದೆ, ಬಿಡಿ. ಕುಡಿದವರು ನೀರಿಗೆ ಇಳಿಯಲೇಬಾರದು, ಇದಕ್ಕೆ ವಿವರಣೆ ಬೇಕಾ?

ಇನ್ನೊಂದು. ವಿದೇಶಿಯರು ಅಲ್ಲಿಗೆ ಎಷ್ಟೋ ವರ್ಷಗಳಿಂದ ಬರುತ್ತಿದ್ದಾರೆ, ವಾರಗಟ್ಟಲೆ ಇರುತ್ತಾರೆ, ಮರಳ ಮೇಲೆ ಪುಸ್ತಕ ಓದುತ್ತಾ ಬಿದ್ದಿರುತ್ತಾರೆ. ಅವರನ್ನು ಕಂಡ ಕೂಡಲೇ ಮೊಬೈಲ್ ಎತ್ತುವುದು, ಪಕ್ಕದಲ್ಲಿ ಹೋಗಿ ನಿಲ್ಲುವುದು, ದಯವಿಟ್ಟು ಬೇಡ. ಬೇರೆ ಜಿಲ್ಲೆಯವರು ನಮ್ಮ ಹೆಣ್ಣುಮಕ್ಕಳ ಫೋಟೋ ಹಾಗೆ ತೆಗೆದರೆ ಸುಮ್ಮನಿರುತ್ತೇವಾ? ಕೊರಳ ತುಂಬ ಮಣಿಸರ ಹಾಕಿಕೊಂಡು ಬೀದಿ ಬದಿ ತರಕಾರಿ, ಹೂವು ಮಾರುವ ಹಾಲಕ್ಕಿ ಹೆಂಗಸರಿಗೂ ಇದೇ ಮಾತು. ಫೋಟೋ ಬಿಟ್ಟು ತರಕಾರಿ ಕೊಳ್ಳಿ. ಪದ್ಮಶ್ರೀ ಪಡೆದ ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಇಬ್ಬರೂ ಅದೇ ಸಮುದಾಯದವರು, ಪಕ್ಕದ ಅಂಕೋಲಾ ತಾಲ್ಲೂಕಿನವರು. ಒಬ್ಬರು ಗಿಡ ಬೆಳೆಸಿದವರು, ಒಬ್ಬರು ಹಾಡು ಉಳಿಸಿದವರು.

ಊಟಕ್ಕೆ ಮುದ್ದೆ, ಬಸ್ಸಾರು ಹುಡುಕಬೇಡಿ, ಅದು ಮನೆಯಲ್ಲೇ ಇದೆ. ಮೀನು ತಿನ್ನುವವರಿಗೆ ಹೇಳಬೇಕಾಗಿಲ್ಲ. ತಿನ್ನದವರು ತಂಬುಳಿ, ಅಪ್ಪೆಹುಳಿ ಸಿಕ್ಕರೆ ಬಿಡಬೇಡಿ.

ಎರಡನೆಯ ದಿನವನ್ನು ನಾನು ತದಡಿಗೆ ಅಂತ ಇಟ್ಟುಕೊಳ್ಳಲು ಹೇಳುತ್ತೇನೆ. ನಮ್ಮ ಜಿಲ್ಲೆಯವರು ಗೋಕರ್ಣಕ್ಕೆ ಹೋಗಲೇಬೇಕು ಅನ್ನುವುದಕ್ಕೆ ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಬೀಚಲ್ಲ, ಇದು. ಗೋಕರ್ಣದಿಂದ ಸ್ವಲ್ಪ ದೂರದಲ್ಲೇ ತದಡಿ ಬಂದರು, ಅಲ್ಲಿ ಅಘನಾಶಿನಿ ನದಿ ಕಡಲು ಸೇರುತ್ತದೆ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಬಿದ್ದು ಇಲ್ಲಿಗೆ ಬರುವ ಈ ನದಿಗೆ ಒಂದೂ ಅಣೆಕಟ್ಟು ಇಲ್ಲ. ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಗದ್ದೆಗಳು ಸಿಗುತ್ತವೆ. ಬೇಸಿಗೆಯಲ್ಲಿ ಹೋದರೆ ಉಪ್ಪುನೀರನ್ನು ಮಡಿಗಳಿಗೆ ಬಿಟ್ಟು, ಬಿಸಿಲಿಗೆ ಒಣಗಿಸಿ, ಉಪ್ಪನ್ನು ಎಳೆದು ರಾಶಿ ಹಾಕುವುದನ್ನು ನೋಡಬಹುದು. ಬಿಸಿಲನ್ನು ಬೈಯುವುದೇ ರೂಢಿ ಆಗಿರುವ ನಮಗೆ ಬಿಸಿಲೇ ಬೆಳೆ ತೆಗೆಯುವುದು ವಿಚಿತ್ರವಾಗಿ ಕಾಣುತ್ತದೆ.

ತದಡಿಯಲ್ಲಿ ಕಡಲಿನ ಇಳಿತದ ಹೊತ್ತಿಗೆ ದಕ್ಕೆ (ದೋಣಿ ನಿಲ್ಲುವ ಕಟ್ಟೆ) ಮೇಲೆ ನಿಂತು ನೋಡಿ. ನೀರು ಸರಿದ ಕಡೆ ಕೆಸರು, ಮರಳಿನ ದಿಬ್ಬ ಏಳುತ್ತದೆ, ಜನ ಸೊಂಟದ ನೀರಲ್ಲಿ ನಿಂತು ಬೆಳಚು ಎನ್ನುವ ಚಿಪ್ಪುಮೀನು ಹೆಕ್ಕುತ್ತಾರೆ. ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬೇರುಗಳೆಲ್ಲ ನೀರಿಂದ ಮೇಲೆ. ಅದರ ನಡುವೆ ಮರಿಮೀನು, ಸೀಗಡಿ, ಏಡಿ ಬೆಳೆಯುತ್ತವೆ. ಒಳಗೆ ಗಜನಿ ಅನ್ನುವ ಉಪ್ಪುನೀರು ಬರುವ ಗದ್ದೆಗಳಲ್ಲಿ ಕಗ್ಗ ಅಂತ ಒಂದು ಭತ್ತ ಇದೆ, ಉಪ್ಪುನೀರು ನುಗ್ಗಿದರೂ ಸಾಯದ ತಳಿ. ಮಳೆ ಬಂದು ಗದ್ದೆಯ ಉಪ್ಪು ತೊಳೆದ ಮೇಲೆ ಬಿತ್ತುತ್ತಾರೆ, ಗೊಬ್ಬರ ಹಾಕುವುದಿಲ್ಲ, ನದಿ ತಂದ ಮಣ್ಣೇ ಗೊಬ್ಬರ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟುಕೊಂಡು ಮೀನು, ಸೀಗಡಿ ಹಿಡಿಯುತ್ತಾರೆ. ಇದೆಲ್ಲ ನಡೆಯುವುದು ಘಟ್ಟದಿಂದ ಇಳಿದ ಸಿಹಿನೀರು ಕಡಲಿನ ಉಪ್ಪುನೀರಿಗೆ ಬೆರೆಯುವುದರಿಂದ. 2024ರ ಜನವರಿಯಲ್ಲಿ ಈ ಅಳಿವೆ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತು ಕಾಪಾಡಿಕೊಳ್ಳಬೇಕಾದ ಜೌಗು ನೆಲಗಳ ಸಾಲಿಗೆ.

ಈಗ ನಮ್ಮ ಊರಿನ ಮಾತಿಗೆ ಬನ್ನಿ. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆ ತಿರುಗಿಸುವ ಎತ್ತಿನಹೊಳೆ ಯೋಜನೆ ಬಗ್ಗೆ ನಮ್ಮಲ್ಲಿ ಸಭೆ ಆಗಲಿ, ಟೀ ಅಂಗಡಿ ಮಾತಾಗಲಿ, ಒಂದು ವಾಕ್ಯ ಬಂದೇ ಬರುತ್ತದೆ. ಸಮುದ್ರಕ್ಕೆ ಸೇರಿ ಹಾಳಾಗುವ ನೀರನ್ನು ನಮಗೆ ಕೊಟ್ಟರೆ ಏನು ಗಂಟು ಹೋಗುತ್ತದೆ ಅಂತ. ನಾನೂ ಕೋಲಾರದವನೇ. ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡವರ ಊರುಗಳು ನಮ್ಮ ಸುತ್ತಲೇ ಇವೆ. 24 ಟಿಎಂಸಿ ನೀರಿನ ಮಾತು ಕೇಳುತ್ತಾ ಕೇಳುತ್ತಾ ವರ್ಷಗಳು ಹೋದವು, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಉದ್ಘಾಟನೆಯೂ ಆಯಿತು. ನಮಗೆ ನೀರು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಳಾಗುವ ನೀರು ಅನ್ನುವ ಆ ಮಾತನ್ನು ತದಡಿ ದಕ್ಕೆ ಮೇಲೆ ನಿಂತು, ಬೆಳಚು ಹೆಕ್ಕುತ್ತಿರುವ ಹೆಂಗಸಿನ ಮುಖ ನೋಡಿಕೊಂಡು ಹೇಳಲು ಆಗುತ್ತದಾ ನೋಡಿ. ನನಗೆ ಆಗಲಿಲ್ಲ. ಈ ಅಘನಾಶಿನಿಯನ್ನೂ ಬಯಲುಸೀಮೆಯ ವೇದಾವತಿ ನದಿಯ ಕಡೆ ತಿರುಗಿಸುವ ಪ್ರಸ್ತಾಪ ಇದೆ, ಅಲ್ಲಿನವರು ಬೇಡ ಅನ್ನುತ್ತಿದ್ದಾರೆ. ಅವರನ್ನು ಹೊಟ್ಟೆಕಿಚ್ಚಿನವರು ಅಂತ ಇಲ್ಲಿ ಕೂತು ಬೈಯುವ ಮೊದಲು ಒಂದು ಸಲ ಹೋಗಿ ಆ ನೀರು ಏನು ಮಾಡುತ್ತಿದೆ ಅಂತ ಕಣ್ಣಾರೆ ನೋಡಿ ಬನ್ನಿ. ಬೈಯುವುದಾದರೆ ಆಮೇಲೂ ಬೈಯಬಹುದು. ಒಂದೂವರೆ ಗಂಟೆಯ ಗೋಕರ್ಣದಲ್ಲಿ ಇದು ಕಾಣುವುದೇ ಇಲ್ಲ.

ಶಿಕ್ಷಣ ಇಲಾಖೆಯವರಿಗೆ ಎರಡು ಮಾತು. ಶಾಲಾ ಪ್ರವಾಸವೇ ಬೇಡ ಅನ್ನಬೇಡಿ, ಅದು ಸುಲಭದ ದಾರಿ. ನಮ್ಮ ಬಯಲುಸೀಮೆಯ ಬಡ ಮಕ್ಕಳಿಗೆ ಕಡಲು ಕಾಣುವ ಅವಕಾಶ ಸಿಗುವುದೇ ಶಾಲೆಯಿಂದ. ಆದರೆ ಕರಾವಳಿಗೆ ಅನುಮತಿ ಕೊಡುವಾಗ ಎಷ್ಟು ಸ್ಥಳ ಅಂತ ನೋಡಿ. ಒಂದು ದಿನಕ್ಕೆ ನಾಲ್ಕು ಊರು ಬರೆದಿದ್ದರೆ ವಾಪಸ್ ಕಳಿಸಿ. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟ ಮೇಷ್ಟ್ರು ನಲವತ್ತು ಮಕ್ಕಳನ್ನು ಅಲೆಯ ಮುಂದೆ ಹೇಗೆ ಎಣಿಸುತ್ತಾರೆ? ಲೈಫ್‌ಗಾರ್ಡ್ ಇರುವ ಬೀಚ್, ಇರುವ ಹೊತ್ತು ಮಾತ್ರ. ಮಕ್ಕಳು ನೀರಿಗೆ ಇಳಿಯುವುದು ಬೇಡ, ದಡದಲ್ಲಿ ಕಾಲು ತೋಯಿಸಿಕೊಂಡರೆ ಸಾಕು, ಅದೂ ಹತ್ತು ಹತ್ತು ಮಕ್ಕಳಾಗಿ. ಹೊರಡುವ ಹಿಂದಿನ ವಾರ ತರಗತಿಯಲ್ಲಿ ಕಡಲಿನ ಸೆಳೆತದ ಚಿತ್ರ ಬೋರ್ಡಿನ ಮೇಲೆ ಬರೆದು ತೋರಿಸಿ. ಅದಕ್ಕೆ ಅನುದಾನ ಬೇಕಾಗಿಲ್ಲ, ಸೀಮೆಸುಣ್ಣ ಸಾಕು. ಇಳಿತದ ಹೊತ್ತಿಗೆ ತದಡಿಗೆ ಕರೆದುಕೊಂಡು ಹೋದರೆ ವಿಜ್ಞಾನದ ಪಾಠವೂ ಆಯಿತು, ಸಮಾಜದ ಪಾಠವೂ ಆಯಿತು, ಮೈಮೇಲೆ ಅಲೆ ಬರುವ ಭಯವೂ ಇಲ್ಲ. ಮತ್ತೆ ಜಿಲ್ಲೆಯ ಮಕ್ಕಳಿಗೆ ಈಜು ಕಲಿಸುವುದು ಯಾರ ಕೆಲಸ ಅಂತ ಒಂದು ಸಲ ಕೂತು ತೀರ್ಮಾನ ಮಾಡಿ. ಬಾವಿಗಳಂತೂ ವಾಪಸ್ ಬರುವುದಿಲ್ಲ.

ಟೂರ್ ಪ್ಲ್ಯಾನ್ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಟಿಟಿಯವರಿಗೆ ಅಡ್ವಾನ್ಸ್ ಕೊಡುವ ಮೊದಲು ಪಟ್ಟಿ ತೆಗೆದು ಜೋಗ, ಸಿಗಂದೂರು, ಇಡಗುಂಜಿ ಮುಂದಿನ ವರ್ಷಕ್ಕೆ ಇಡಿ. ಗೋಕರ್ಣದ ಮುಂದೆ ಎರಡು ರಾತ್ರಿ ಅಂತ ಬರೆಯಿರಿ. ಮನೆಯಲ್ಲಿ ಅಜ್ಜಿ ಕೊಲ್ಲೂರು ಬೇಕೇ ಬೇಕು ಅಂದರೆ ಅದೊಂದನ್ನು ವಾಪಸ್ ಬರುವ ದಾರಿಗೆ ಹಾಕಿಕೊಳ್ಳಿ. ಅಜ್ಜಿ ಹತ್ತಿರ ವಾದ ಮಾಡಿ ಗೆದ್ದವರು ನಮ್ಮ ಜಿಲ್ಲೆಯಲ್ಲಿ ಯಾರೂ ಇಲ್ಲ.

ಇಂತಿ,
ಕೋಲಾರದಿಂದ, ನಿಮ್ಮವನೇ ಒಬ್ಬ